ಗೂಡಿನೊಳಗಿನ ಮಾತು

ಒಲೆಯ ಮೇಲೆ ಕಾಫಿ ಗೊರಗುಟ್ಟುತ್ತಿದ್ದಾಗ ಮಾವ ಗಾಸ್ಪರೆ ಬಾಗಿಲಲ್ಲೇ ನಿಂತು, "ಗಾಳಿ ನಿಂತಿದೆ. ಇವತ್ತು ನಾವಿಬ್ರೇ ಗೂಡಿಗೆ ಹೋಗ್ಬರೋಣ" ಎಂದ. ಲಿಬೋರಿಯೊ ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದು ಮರೆತು ತಲೆಯಾಡಿಸಿದ. ಯಾಕೆ ಎಂದು ಕೇಳಬಹುದಿತ್ತು. ಅತ್ತ ಮುಖ ಮಾಡಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನುನ್ಸಿಯಾ ನಲ್ಲಿ ನಿಲ್ಲಿಸಿದಳು. ಅಂದರೆ ಅಪ್ಪ ಆಡಿದ್ದು ಅವಳಿಗೆ ಕೇಳಿಸಿತು. ಮತ್ತೆ ನಲ್ಲಿ ಬಿಟ್ಟಳು; ಅಂದರೆ ಅವಳಿಗೆ ಇದು ಮೊದಲೇ ಗೊತ್ತಿತ್ತು. ಅಪ್ಪ ಮಗಳು ಕೂತು ತನ್ನ ಹಣೆಬರಹ ಬರೆದು ಮುಗಿಸಿದ್ದಾರೆ, ಓದಿ ಹೇಳುವುದೊಂದು ಬಾಕಿ ಎಂದುಕೊಂಡ. ಕಾಫಿ ಸುರಿದುಕೊಂಡು ನುಂಗಿದ. ನಾಲಗೆ ಸುಟ್ಟಿತು. "ಅಂಥಾ ಬಿಸಿ ಏನಿಲ್ಲ" ಎಂದ, ಯಾರೂ ಕೇಳದೆ ಇದ್ದರೂ.

ಗೂಡು ಎಂದರೆ ದ್ವೀಪದ ಪಡುವಣ ಮೂತಿಯ ಆಚೆ ಮುಳುಗಿರುವ ಒಂದು ಬಂಡೆ. ಆಳವೇನೂ ಇಲ್ಲ, ನೀರು ತಿಳಿಯಾಗಿದ್ದ ದಿನ ದೋಣಿಯಿಂದಲೇ ಅದರ ನೆತ್ತಿ, ನೆತ್ತಿಯ ಮೇಲಿನ ಪಾಚಿ, ಪಾಚಿಯೊಳಗೆ ಆಡುವ ಮೀನು ಎಲ್ಲ ಕಾಣುತ್ತವೆ. ಬಂಡೆಗೊಂದು ಕಮಾನು, ಕಮಾನಿನ ಒಳಗೆ ಒಂದು ಪೊಳ್ಳು. ಆ ಪೊಳ್ಳಿನ ಸೂರಿನಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರು ಬಿಟ್ಟ ಉಸಿರೇ ಹೊರಗೆ ಹೋಗಲಾರದೆ ತಂಗಿ, ಎರಡು ಮೂರು ತಲೆ ಹಿಡಿಸುವಷ್ಟು ಗಾಳಿ ನಿಂತಿದೆ. ಅಲ್ಲಿ ತಲೆ ಎತ್ತಿ, ಬಾಯಲ್ಲಿ ಕಚ್ಚಿಕೊಂಡ ಕೊಳವೆ ತೆಗೆದು ಮಾತಾಡಬಹುದು. ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರುವ ಗೂಡಿನಷ್ಟೇ ಇಕ್ಕಟ್ಟು. ಹೆಸರು ಬಂದದ್ದೂ ಹಾಗೆಯೇ. ಈ ಊರಲ್ಲಿ ಮುಳುಗುವ ಕಸುಬಿನವರಿಗೆ ಒಂದು ಕಟ್ಟಳೆಯಿದೆ: ಗೂಡಿನಲ್ಲಿ ಆಡಿದ್ದು ಗೂಡಿನಲ್ಲೇ. ಅಣ್ಣತಮ್ಮಂದಿರು ಅಲ್ಲಿ ಜಗಳ ತೀರಿಸಿಕೊಂಡಿದ್ದಾರೆ. ಒಬ್ಬ ತನ್ನ ಗೆಳೆಯನ ಹೆಂಡತಿಯ ವಿಷಯ ಗೆಳೆಯನಿಗೇ ಹೇಳಿ ಅತ್ತಿದ್ದಾನಂತೆ. ಆ ಗೆಳೆಯ ಯಾರು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಾತನ್ನು ಮೇಲಕ್ಕೆ ತಂದವನ ಜೊತೆ ಆಮೇಲೆ ಯಾರೂ ನೀರಿಗಿಳಿಯುವುದಿಲ್ಲ. ಅವನಿಗೆ ಚುಕ್ಕಾಣಿಯೂ ಇಲ್ಲ.

ಚುಕ್ಕಾಣಿ. ಅದೇ ಈಗ ಎಲ್ಲರ ತಲೆಯಲ್ಲಿ ಕೊರೆಯುತ್ತಿರುವುದು. ಚಳಿಗಾಲ ಬರುವುದರೊಳಗೆ ಮಾವ ದೋಣಿಯನ್ನೂ ಮುಳುಗಲು ಬರುವ ಪ್ರವಾಸಿ ಗಿರಾಕಿಗಳನ್ನೂ ಒಬ್ಬರ ಕೈಗೆ ಕೊಡುತ್ತಾನೆ: ಒಂದೋ ಅಳಿಯ ಲಿಬೋರಿಯೊಗೆ, ಇಲ್ಲ ತನ್ನ ತಮ್ಮನ ಮಗ ನಿರೀಯನಿಗೆ. ಬೇಸಿಗೆಯ ಮೊದಲಿಗೆ ಅದು ಅಳಿಯನಿಗೇ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಸಿಲಿಂಡರುಗಳನ್ನು ಎರಡೆರಡಾಗಿ ಹೆಗಲ ಮೇಲೆ ಹೊತ್ತು ದೋಣಿಗೆ ಸಾಗಿಸುತ್ತ ಲಿಬೋರಿಯೊ ಆ ನಿಂಬೆ ಪೆಪ್ಪರಮಿಂಟನ್ನು ನೆನೆದ. ನೆನೆಯಬಾರದು ಎಂದುಕೊಂಡಿದ್ದ, ಹಾಳಾದ್ದು, ಸಿಲಿಂಡರಿನ ತಣ್ಣಗಿನ ಕತ್ತು ಕಿವಿಗೆ ತಾಗಿದರೆ ಸಾಕು ನೆನಪಾಗುತ್ತದೆ. ಅವತ್ತು, ಬೇಸಿಗೆಯ ಕೊನೆಯಲ್ಲಿ, ಗೂಡಿನ ಕಮಾನಿನ ಕೆಳಗೆ ಮುಂದಿದ್ದ ಗಿರಾಕಿ ಈಜಲು ಕಾಲಿಗೆ ತೊಟ್ಟ ರಬ್ಬರ್ ರೆಕ್ಕೆ ಅವನ ಮುಖಕ್ಕೆ ಬಡಿದು ಮಾಸ್ಕಿನೊಳಗೆ ನೀರು ನುಗ್ಗಿತು. ಅಷ್ಟೇ ಆದದ್ದು. ಮೊದಲ ಪಾಠದ ದಿನ ಮಕ್ಕಳಿಗೂ ಕಲಿಸುವ ಸಂಗತಿ: ತಲೆ ಎತ್ತಿ, ಮಾಸ್ಕಿನ ಮೇಲಂಚು ಒತ್ತಿ, ಮೂಗಿನಿಂದ ಗಾಳಿ ಬಿಡು. ಸಾವಿರ ಸಲ ಮಾಡಿದ್ದ, ಮಾಡಿಸಿದ್ದ. ಅವತ್ತು ಅವನ ಕೈ ಮಾಸ್ಕಿಗೆ ಹೋಗಲೇ ಇಲ್ಲ. ಕಾಲು ತಾನಾಗಿ ನೆಲ ಒದೆಯಿತು. ಇಬ್ಬರು ಗಿರಾಕಿಗಳನ್ನು ಬಂಡೆಯ ಕೆಳಗೇ ಬಿಟ್ಟು ಹೊರನುಗ್ಗಿ ಬೆಂಡಿನ ಹಾಗೆ ಮೇಲಕ್ಕೆ ಹಾರಿ, ಬಿಸಿಲಿಗೆ ಬಾಯಿ ತೆರೆದು, ಅಮ್ಮಾ ಎಂದು ಕೂಗಿದ. ನಲವತ್ತು ದಾಟಿದ ಗಂಡಸು. ಗಿರಾಕಿಗಳಲ್ಲಿ ಒಬ್ಬಳು ಬೆಲ್ಜಿಯಮ್ಮಿನ ಶಾಲೆಯೊಂದರ ಟೀಚರು. ಆಕೆ ತನ್ನ ಜೊತೆಗಾರನನ್ನೂ ಕರೆದುಕೊಂಡು ನಿಧಾನವಾಗಿ, ಕಲಿಸಿದ ಕ್ರಮದಲ್ಲೇ ಮೇಲೆ ಬಂದು, ದೋಣಿ ಹತ್ತಿ, ಲಿಬೋರಿಯೊನ ಬೆನ್ನು ಸವರಿ, ಚೀಲದಿಂದ ಒಂದು ನಿಂಬೆ ಪೆಪ್ಪರಮಿಂಟು ತೆಗೆದು ಕೊಟ್ಟಳು. ಅವನು ಅದನ್ನು ತಿಂದ. ಅವನನ್ನು ಈಗಲೂ ಚುಚ್ಚುವುದು ಕೂಗಿದ್ದಲ್ಲ, ಓಡಿದ್ದೂ ಅಲ್ಲ. ಆ ಪೆಪ್ಪರಮಿಂಟು ರುಚಿಯಾಗಿತ್ತು, ಚೀಪುತ್ತ ಚೀಪುತ್ತ ಮನಸ್ಸಿಗೆ ಹಾಯೆನಿಸಿತ್ತು. ಚುಕ್ಕಾಣಿ ಹಿಡಿದಿದ್ದ ನಿರೀಯ ಅದನ್ನೆಲ್ಲ ನೋಡಿದ.

ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಮಾರನೆಯ ದಿನದಿಂದ ಬಂದರಿನ ಹೋಟೆಲಿನಲ್ಲಿ ಅವನು ಕಾಫಿ ಕೇಳಿದರೆ ತಟ್ಟೆಯ ಅಂಚಿನಲ್ಲಿ ಒಂದು ನಿಂಬೆಯ ಸಿಪ್ಪೆ ಇರುತ್ತಿತ್ತು.

"ಏನಳಿಯಾ, ಎತ್ಲಾಗೆ ನೋಡ್ತಿದೀಯ? ಹಗ್ಗ ಬಿಚ್ಚು" ಎಂದ ಗಾಸ್ಪರೆ. ದೋಣಿ ಬಂದರಿನಿಂದ ಹೊರಬಿತ್ತು. ಅಕ್ಟೋಬರಿನ ಬಿಸಿಲು, ನೀರು ಎಣ್ಣೆಯ ಹಾಗೆ ನಿಂತಿತ್ತು. ಮುದುಕ ಚುಕ್ಕಾಣಿ ಹಿಡಿದು ನಿಂತಿದ್ದ. ಅವನ ಬೆನ್ನು ಇನ್ನೂ ಅಗಲ, ಕತ್ತು ಇನ್ನೂ ದಪ್ಪ; ಆದರೆ ರಬ್ಬರ್ ಅಂಗಿಯ ಬೆನ್ನಿನ ಜಿಪ್ಪು ಎಳೆಯಲು ಈಚೆಗೆ ಇನ್ನೊಬ್ಬರನ್ನು ಕರೆಯುತ್ತಿದ್ದ. ಇನ್ನೊಂದನ್ನೂ ಲಿಬೋರಿಯೊ ಗಮನಿಸಿದ್ದ. ಬಂಡೆಯ ಒಳಗಿಂದ ಹೊರಡುವಾಗ ಮಾವ ಈಗೀಗ ಗಿರಾಕಿಗಳನ್ನೇ ಮುಂದೆ ಬಿಡುತ್ತಿದ್ದ. ಕೈ ಬೀಸಿ, ತಲೆ ಬಾಗಿಸಿ, ದೊಡ್ಡ ಹೋಟೆಲಿನ ಬಾಗಿಲು ಕಾಯುವವನ ಹಾಗೆ. ಹೆಂಗಸರಿಗೆ ಅದು ಬಹಳ ಹಿಡಿಸುತ್ತಿತ್ತು. ಮುದುಕನಿಗೆ ವಯಸ್ಸಾದಂತೆ ಸರಸ ಹೆಚ್ಚಿತು ಎಂದು ನಿರೀಯ ನಗುತ್ತಿದ್ದ. ಲಿಬೋರಿಯೊ ನಗುತ್ತಿರಲಿಲ್ಲ, ಮಾವ ಮಾಡಿದ್ದಕ್ಕೆಲ್ಲ ಇನ್ನೊಂದು ಅರ್ಥ ಇರುತ್ತದೆ, ಆ ಅರ್ಥ ಕೊನೆಗೆ ತನ್ನ ತಲೆಗೇ ಸುತ್ತಿಕೊಳ್ಳುತ್ತದೆ ಎಂದು ಅವನಿಗೆ ಮದುವೆಯಾದ ವರ್ಷದಿಂದಲೇ ಅನುಭವ. ಏನು ಹೇಳುತ್ತಾನೆ? ಇನ್ನು ಮೇಲೆ ನೀನು ನೀರಿಗಿಳಿಯಬೇಡ, ಶೆಡ್ಡಿನಲ್ಲಿ ಕಂಪ್ರೆಸರ್ ಹತ್ತಿರ ಕೂತು ಸಿಲಿಂಡರ್ ತುಂಬು ಎನ್ನುತ್ತಾನೆ. ಮೆತ್ತಗೆ ಹೇಳುತ್ತಾನೆ. ಮಗಳ ಮುಖ ನೋಡಿ ಇಷ್ಟಕ್ಕೆ ಬಿಟ್ಟಿದ್ದೇನೆ ಎಂದೂ ಸೇರಿಸುತ್ತಾನೆ. ತಾನು ಆಗಲಿ ಮಾವ ಎನ್ನಬೇಕು. ಆ "ಆಗಲಿ ಮಾವ" ಎಂಬುದನ್ನು ಲಿಬೋರಿಯೊ ಗಾಳಿಗೆ ಮುಖ ಮಾಡಿ ಒಂದೆರಡು ಸಲ ಸದ್ದಿಲ್ಲದೆ ಅಂದು ನೋಡಿದ. ಬಾಯಿಗೆ ಎಷ್ಟು ಸಲೀಸಾಗಿ ಬಂತು ಎಂದರೆ ಅವನಿಗೇ ಹೇಸಿಗೆಯಾಯಿತು.

ಲಂಗರು ಬಿಟ್ಟರು. ಮಾಸ್ಕಿಗೆ ಉಗುಳಿ, ಉಜ್ಜಿ, ಸಮುದ್ರದ ನೀರಲ್ಲಿ ಅಲುಬಿಕೊಂಡರು. ಗಾಜು ಮಸುಕಾಗದಿರಲು ಇಲ್ಲಿ ಎಲ್ಲರೂ ಮಾಡುವುದು ಅದೇ. ಮಾವ ದೋಣಿಯ ಅಂಚಿನಿಂದ ಬೆನ್ನು ಮುಂದಾಗಿ ಉರುಳಿದ. ಲಿಬೋರಿಯೊ ಹಿಂದೆಯೇ ಉರುಳಿದ. ನೀರು ಕಿವಿ ಮುಚ್ಚಿತು, ತನ್ನ ಉಸಿರಿನ ಸದ್ದೊಂದೇ ಉಳಿಯಿತು, ಎಳೆದದ್ದು ಬಿಟ್ಟದ್ದು, ಬಿಟ್ಟದ್ದು ಎಳೆದದ್ದು. ಹಿಂದೆ ಈ ಸದ್ದು ಅವನಿಗೆ ತೊಟ್ಟಿಲ ಹಾಡಿನ ಹಾಗಿತ್ತು. ಈಗ ಯಾರೋ ಬೆನ್ನಟ್ಟಿ ಬರುತ್ತಿದ್ದಾರೆ ಎನಿಸುತ್ತದೆ. ಬಂಡೆ ಎದ್ದು ಬಂತು. ಕಮಾನಿನ ಬದಿಗೆ ಕಿತ್ತಳೆ ಬಣ್ಣದ ಹವಳದ ಮೊಗ್ಗುಗಳು ಮೆತ್ತಿಕೊಂಡಿದ್ದವು, ಕೆಳಗೆ ಮರಳಿನಲ್ಲಿ ಒಂದು ಹೆಂಗಸಿನ ಚಪ್ಪಲಿ ಬಿದ್ದಿತ್ತು. ಇಲ್ಲೇ, ಈ ಚಪ್ಪಲಿಯ ನೇರಕ್ಕೆ, ಮಾಸ್ಕಿಗೆ ನೀರು ನುಗ್ಗಿದ್ದು. ಮಾವ ತಿರುಗಿ ನೋಡಿ ಹೆಬ್ಬೆರಳು ತೋರುಬೆರಳು ಕೂಡಿಸಿ ಸರಿಯಾ ಎಂದು ಕೇಳಿದ. ಸರಿ ಎಂದು ತೋರಿಸಿದ. ಸುಳ್ಳು ಹೇಳುವುದು ನೀರಿನೊಳಗೆ ಎಷ್ಟು ಹಗುರ, ಎರಡು ಬೆರಳು ಸಾಕು.

ಗೂಡಿನಲ್ಲಿ ತಲೆ ಎತ್ತಿದಾಗ ಮೂಗಿಗೆ ಹಳೆಯ ಉಸಿರಿನ ವಾಸನೆ ಬಡಿಯಿತು. ಮಾವ ಕಟ್ಟಳೆಯಂತೆ ಕೊಳವೆಯ ಗುಂಡಿ ಒತ್ತಿ ಸಿಲಿಂಡರಿನಿಂದ ಹೊಸ ಗಾಳಿ ಸುರಿಸಿದ. ಬಂಡೆಗೆ ಸದ್ದು ಬಡಿದು ಕಿವಿ ಗುಂಯ್‌ಗುಟ್ಟಿತು. ಆಮೇಲೆ ಗೋಡೆಯಿಂದ ತೊಟ್ಟಿಕ್ಕುವ ನೀರು. ಇಬ್ಬರ ಗಲ್ಲವೂ ನೀರಿಗೆ ತಾಗುತ್ತಿತ್ತು. ಮುಖ ಎಷ್ಟು ಹತ್ತಿರ ಎಂದರೆ ಮುದುಕನ ಮೀಸೆಯ ಬುಡದ ಬಿಳಿ ಕಾಣುತ್ತಿತ್ತು.

"ಅಳಿಯಾ, ನಿನ್ನತ್ರ ಒಂದು ಮಾತು" ಎಂದ ಗಾಸ್ಪರೆ.

"ಆಗಲಿ ಮಾವ" ಎಂದುಬಿಟ್ಟ ಲಿಬೋರಿಯೊ.

"ಏನ್ ಆಗ್ಲಿ? ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲೋ." ಮುದುಕ ನಗಲಿಲ್ಲ. ಮಾಸ್ಕನ್ನು ಹಣೆಗೇರಿಸಿ ಕಣ್ಣು ಒರೆಸಿಕೊಂಡ. "ನಂಗೆ ಇಲ್ಲಿಂದ ಹೊರಗೆ ಹೋಗೋ ದಾರಿ ಗೊತ್ತಾಗ್ತಿಲ್ಲ."

"ಏನಂದ್ರಿ?"

"ದಾರಿ ಕಣೋ. ಒಳಗೆ ಬರ್ತೀನಿ, ತಲೆ ಎತ್ತುತೀನಿ, ಮತ್ತೆ ತಲೆ ಮುಳುಗಿಸಿದ್ರೆ ಯಾವ ಕಡೆ ಅಂತ ತಿಳಿಯಲ್ಲ. ಎರಡು ಕಡೆನೂ ಬೆಳಕು ಕಾಣತ್ತೆ. ಈಸ್ಟರ್ ಕಳೆದಾಗಿಂದ ಹಿಂಗೆ. ಗಿರಾಕಿಗಳ್ನ ಮುಂದೆ ಬಿಟ್ಟು ಅವರ ಕಾಲು ಹಿಡ್ಕೊಂಡ್ ಹಾಗೆ ಹಿಂದಿಂದೆ ಬರ್ತಿದೀನಿ. ಅವ್ರೇನೋ ಮರ್ಯಾದೆ ಅಂದ್ಕೋತಾರೆ."

ಈ ಗೂಡಿಗೆ ಎರಡು ಬಾಯಿ. ಒಂದು ಕಮಾನಿನ ಕಡೆಗೆ; ಅದು ಮಬ್ಬು, ಅದೇ ದಾರಿ. ಇನ್ನೊಂದು ಬಂಡೆಯ ಬಿರುಕು. ಬಿಸಿಲು ನೇರ ಬೀಳುವುದರಿಂದ ಬೆಳಕು ಅತ್ತಲೇ ಹೆಚ್ಚು, ಕೈ ತೂರುತ್ತದೆ, ಮೈ ತೂರುವುದಿಲ್ಲ. ಬೆಳಕಿಗೆ ಬೆನ್ನು ಹಾಕು ಎಂದು ಊರಿನ ಪ್ರತಿಯೊಬ್ಬನಿಗೂ ಮೊದಲ ದಿನವೇ ಹೇಳಿಕೊಡುತ್ತಾರೆ. ಲಿಬೋರಿಯೊಗೆ ಹೇಳಿಕೊಟ್ಟವನೇ ಈ ಗಾಸ್ಪರೆ. ತಲೆಯ ಹಿಂದೆ ಒಂದು ಏಟು ಕೊಟ್ಟು ಹೇಳಿಕೊಟ್ಟಿದ್ದ. ಆ ಏಟಿನ ಜಾಗ ಈಗ ಹಿತವಾಗಿ ಜುಮುಗುಟ್ಟಿತು. ಅಯ್ಯೋ ಪಾಪ ಅನಿಸಬೇಕಿತ್ತಲ್ಲ, ಅನಿಸಲಿಲ್ಲ. ತನ್ನನ್ನು ಕೊಚ್ಚುತ್ತಾನೆ ಎಂದು ಕತ್ತು ಬಗ್ಗಿಸಿಕೊಂಡು ಬಂದವನ ಕೈಗೆ ಮುದುಕ ತಾನಾಗಿ ಕತ್ತಿ ಕೊಟ್ಟಿದ್ದ.

"ಸರಿಯಾಗಿ ಕೇಳಿಸ್ಲಿಲ್ಲ ಮಾವ. ಕಿವಿಲಿ ನೀರು. ಇನ್ನೊಂದ್ಸಲ ಹೇಳಿ."

ಗಾಸ್ಪರೆ ಅವನನ್ನೇ ನೋಡಿದ. ಕೇಳಿಸಿದೆ ಎಂದು ಅವನಿಗೆ ಗೊತ್ತು ಎಂದು ಲಿಬೋರಿಯೊಗೂ ಗೊತ್ತಾಯಿತು. ಆದರೂ ಮುದುಕ ಇನ್ನೊಮ್ಮೆ ಹೇಳಿದ, ಮಗ್ಗಿ ತಪ್ಪಿದ ಹುಡುಗನ ಹಾಗೆ, ಒಂದೊಂದೇ ಮಾತು. "ದಾರಿ... ಗೊತ್ತಾಗ್ತಿಲ್ಲ." ಆಮೇಲೆ, "ಚುಕ್ಕಾಣಿ ನಿಂದೇ. ನುನ್ಸಿಯಾಗೂ ನಿನ್ನೆನೇ ಹೇಳಿದೀನಿ. ನಿರೀಯನ ಬಾಯಿ ನಾನು ಮುಚ್ಚಿಸ್ತೀನಿ, ಹೋಟೆಲ್ನೋರ ಬಾಯೂ ಮುಚ್ಚಿಸ್ತೀನಿ. ಚಳಿಗಾಲ ಬರೋತನಕ ನನ್ ಜೊತೆ ಇಳಿ. ನೀನು ಮುಂದಿರು, ನಾನು ಹಿಂದೆ. ಜನದ ಕಣ್ಣಿಗೆ ನಾನು ನಿಂಗೆ ಧೈರ್ಯ ತುಂಬ್ತಿರೋ ಹಾಗೆ ಕಾಣ್ಲಿ. ಇಷ್ಟು ಮಾಡು. ಇದೇ ಋತು ಕೊನೇದು, ಮರ್ಯಾದೆಯಿಂದ ಮುಗಿಸ್ಕೊಂಡುಬಿಡ್ತೀನಿ."

ಅಂದರೆ ನನ್ನ ಹೇಡಿತನ ನಿನಗೆ ಮುಸುಕಾಗಬೇಕು, ಎಂದುಕೊಂಡ ಲಿಬೋರಿಯೊ. ಎಷ್ಟಾದರೂ ಗಾಸ್ಪರೆ, ಬೇಡುವಾಗಲೂ ಕೊಡುವವನ ಠೀವಿ. "ಆಗಲಿ ಮಾವ" ಎಂದ. ಈ ಸಲ ಮಾತಿಗೆ ಬೇರೆ ರುಚಿಯಿತ್ತು.

ಮಾಸ್ಕು ಇಳಿಸಿಕೊಂಡು ಮುಳುಗಿದರು. ದಾರಿ ಎದುರಿಗೇ ಇತ್ತು, ಮಬ್ಬಿನ ಕಡೆ. ಲಿಬೋರಿಯೊ ಹೊರಡಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತು, ಮುಂದೆ ಹೋಗಿ ಎನ್ನುವಂತೆ ಮಾವನಿಗೆ ಕೈ ಬೀಸಿ, ತಲೆ ಬಾಗಿಸಿದ. ಮುದುಕ ಬಿರುಕಿನ ಬೆಳಕಿನ ಕಡೆ ತಿರುಗಿದ. ಬಂಡೆಗೆ ತಲೆ ತಾಗಿತು. ಕೈಯಿಂದ ಬಿರುಕನ್ನು ತಡವಿದ, ಹಿಂದೆ ಸರಿದ, ಇತ್ತ ತಿರುಗಿದ, ಮತ್ತೆ ಬೆಳಕಿನ ಕಡೆಗೇ ಹೋದ. ನೆಲದ ಹೂಳು ಎದ್ದಿತು. ಗಾಜಿನ ಹಿಂದೆ ಆ ಕಣ್ಣುಗಳು ದೊಡ್ಡದಾದವು. ಸಾಕು, ಎಂದಿತು ಒಳಗೆ ಏನೋ. ಇನ್ನೊಂದು ಸ್ವಲ್ಪ ನೋಡೋಣ, ಎಂದಿತು ಇನ್ನೇನೋ. ಕೊನೆಗೆ ಲಿಬೋರಿಯೊ ಮುಂದೆ ಬಂದು ಬೆನ್ನು ಕೊಟ್ಟಾಗ ಮುದುಕ ಅವನ ಸಿಲಿಂಡರಿನ ಪಟ್ಟಿಯನ್ನು ಹಿಡಿದುಕೊಂಡ. ಕಮಾನು ದಾಟಿ ಬಯಲು ನೀರಿಗೆ ಬಂದ ಮೇಲೂ ಬಿಡಲಿಲ್ಲ. ಆ ಹಿಡಿತದ ನಡುಕ ಪಟ್ಟಿಯಿಂದ ಹೆಗಲಿಗೆ, ಹೆಗಲಿಂದ ಎದೆಗೆ ಬಂತು. ಮಾಸ್ಕಿಗೆ ನೀರು ನುಗ್ಗಿದ ದಿನದಿಂದೀಚೆಗೆ ಮೊದಲ ಸಲ ಲಿಬೋರಿಯೊನ ಉಸಿರು ಹದವಾಗಿ ಆಡುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಬಂದರಿನ ಶೆಡ್ಡಿನ ಮುಂದೆ ಹಲಗೆ ಹಾಕಿ ಕೂತಿದ್ದರು. ನುನ್ಸಿಯಾ ಮೀನಿನ ಸಾರು ಹೊಯ್ದ ಗೋಧಿರವೆಯ ಕುಸ್ಕುಸ್ ಬಡಿಸುತ್ತಿದ್ದಳು. ನಿರೀಯನಿಗೆ ನೆಗಡಿ, ಎರಡು ಕಿವಿಯೂ ಕಟ್ಟಿಕೊಂಡಿದ್ದವು. ಅದಕ್ಕೇ ಜೋರಾಗಿ ಮಾತಾಡುತ್ತಿದ್ದ. ಪಕ್ಕದ ದೋಣಿಯವರೂ ನಾಲ್ಕಾರು ಮಂದಿ ತಮ್ಮ ತಮ್ಮ ಗ್ಲಾಸು ಹಿಡಿದು ಬಂದಿದ್ದರು. ಅಳಿಯ ಮಾವ ಇಬ್ಬರೇ ಗೂಡಿಗೆ ಹೋಗಿಬಂದದ್ದು ಆಗಲೇ ಊರಿಗೆಲ್ಲ ಗೊತ್ತು, ಚುಕ್ಕಾಣಿಯ ಮಾತು ಹೊರಬೀಳಲಿ ಎಂದು ಕಾಯುತ್ತಿದ್ದರು. ಗಾಸ್ಪರೆ ಎರಡನೆಯ ಗ್ಲಾಸು ಮುಗಿಸಿದ್ದ. ಮುಖ ಕೆಂಪಾಗಿತ್ತು. ದಂಡೆಯ ಮೇಲೆ ಅವನು ಮತ್ತೆ ಗಾಸ್ಪರೆಯಾಗಿದ್ದ. ಲಿಬೋರಿಯೊ ತಟ್ಟೆಗೆ ನಿಂಬೆಹಣ್ಣು ಹಿಂಡಿಕೊಳ್ಳಲು ಕೈ ಚಾಚಿದ್ದೇ ತಡ, ಮುದುಕನ ಬಾಯಿ ಹಳೆಯ ಚಾಳಿಗೆ ಬಿತ್ತು.

"ಕೊಡಿ ಕೊಡಿ, ನಮ್ಮಳಿಯಂದ್ರಿಗೆ ನಿಂಬೆ ಕೊಡಿ. ನಿಂಬೆ ಇಲ್ದಿದ್ರೆ ಅವ್ರಿಗೆ ಉಸಿರು ಸಿಗಲ್ಲ."

ಎಲ್ಲರೂ ನಕ್ಕರು. ತಿಂಗಳೊಪ್ಪತ್ತಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ನಗು, ಒಮ್ಮೆಗೇ ಹೊರಬಂತು. ನಿರೀಯ ಹಲಗೆ ಕುಟ್ಟಿ ನಕ್ಕ. ನುನ್ಸಿಯಾ ಸೌಟು ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಗುವುದಕ್ಕೇ. ಗಾಸ್ಪರೆಗೆ ಆಡಿದ ಮೇಲೆ ತಿಳಿಯಿತು; ಅಳಿಯನ ಕಡೆ ತಿರುಗಿ, ಸುಮ್ಮನೆ ತಮಾಷೆಗೆ ಎನ್ನುವ ಹಾಗೆ ಕಣ್ಣು ಮಿಟುಕಿಸಿದ. ಬಾಯಿ ಮುಚ್ಚಿಸುತ್ತೇನೆ ಎಂದವನು ಇವನೇ. ಲಿಬೋರಿಯೊ ನಿಂಬೆಯ ಹೋಳನ್ನು ತಟ್ಟೆಯಲ್ಲಿಟ್ಟ. ಸುಮ್ಮನಿರು, ಸುಮ್ಮನಿದ್ದರೆ ಚುಕ್ಕಾಣಿ ನಿನ್ನದು, ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕು. ಅವನಿಗೆ ಎಲ್ಲವೂ ಸ್ಪಷ್ಟವಾಗಿ ಗೊತ್ತಿತ್ತು.

"ನಿಂಗೆ ದಾರಿ ಸಿಗಲ್ವಲ್ಲ ಮಾವ, ಅದಕ್ಕೆ ಏನು ಕೊಡ್ಲಿ?" ಎಂದ.

ನಗು ತುಂಡಾಯಿತು. ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಮಾವನನ್ನು ನೀನು ಎಂದದ್ದು ಅದೇ ಮೊದಲು.

"ಏನ್ ಹೇಳ್ತಿದೀಯ?" ಎಂದಳು ನುನ್ಸಿಯಾ.

"ನಿಮ್ಮಪ್ಪಂಗೆ ಗೂಡಿಂದ ಹೊರಗೆ ಬರಕ್ಕೆ ಬರಲ್ಲ. ಈಸ್ಟರ್ ಆದಾಗಿಂದ ಬರಲ್ಲ. ಗಿರಾಕಿಗಳ ಹಿಂದೆ ತೆವಳ್ಕೊಂಡು ಬರ್ತಾರೆ. ಬೆಳಿಗ್ಗೆ ನಂಗೆ ಬಾಯ್ಬಿಟ್ಟು ಹೇಳಿದಾರೆ, ಕೇಳು. ಬಿರುಕಿಗೆ ತಲೆ ಹೊಡ್ಕೋತಾ ಇದ್ರು. ನನ್ನ ಪಟ್ಟಿ ಹಿಡ್ಕೊಂಡು ಹೊರಗೆ ಬಂದ್ರು." ಒಮ್ಮೆ ಬಾಯಿಗೆ ಬಂದ ಮೇಲೆ ನಿಲ್ಲಲಿಲ್ಲ. "ನಾಳೆ ಯಾರಾದ್ರೂ ಸತ್ರೆ? ನಾನು ಹೇಳ್ಬಾರ್ದಾ? ಜನದ ಜೀವದ ಪ್ರಶ್ನೆ ಇದು." ಜೀವದ ಪ್ರಶ್ನೆ ಎಂಬ ಮಾತು ಈಗಷ್ಟೇ ಹೊಳೆದದ್ದು, ಅದನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಗಾಸ್ಪರೆಯ ಮುಖದ ಕೆಂಪು ಇಳಿದುಹೋಯಿತು. ಅದನ್ನು ಲಿಬೋರಿಯೊ ನೋಡಿದ, ಬೇರೆ ಯಾರೂ ನೋಡಲಿಲ್ಲ. ಅವರೆಲ್ಲ ಲಿಬೋರಿಯೊನನ್ನು ನೋಡುತ್ತಿದ್ದರು. ಮುದುಕ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು ಕೆಳಗಿಟ್ಟ. ಆಮೇಲೆ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ.

"ನೋಡಿದ್ರಾ?" ಎಂದ ಸುತ್ತಲಿನವರಿಗೆ. "ಗಾಳ ಹಾಕಿದ್ದೆ. ಸೂರ್ಯ ನೆತ್ತಿಗೆ ಬರೋದ್ರೊಳಗೆ ಕಚ್ಚಿಬಿಡ್ತು! ಇವನ ಕೈಗೆ ಚುಕ್ಕಾಣಿ ಕೊಡೋಕ್ಮುಂಚೆ ಒಂದು ಸುಳ್ಳು ಕೊಟ್ಟು ನೋಡೋಣ, ಹೊಟ್ಟೆಲಿ ಉಳಿಯತ್ತಾ ಅಂತ. ಹುಟ್ಟಿದಾಗಿಂದ ಆ ಬಂಡೇಲಿ ಆಡ್ದೋನಿಗೆ ದಾರಿ ಗೊತ್ತಿಲ್ವಂತೆ! ಅದನ್ನೂ ನಂಬಿದಾನಲ್ಲಪ್ಪ!"

ನಗು ಮೊದಲಿಗಿಂತ ಜೋರಾಗಿ ಎದ್ದಿತು. ನಿರೀಯನ ಕಣ್ಣಲ್ಲಿ ನೀರು. "ಭಾವಾ, ಒಂದೇ ಒಂದು ಊಟದ ಹೊತ್ತು ಇಟ್ಕೊಳಕ್ಕಾಗ್ಲಿಲ್ವಾ?" ಎಂದ. ಪಕ್ಕದ ದೋಣಿಯ ಹಿರಿಯ ಎದ್ದು, ಲಿಬೋರಿಯೊನ ಮುಖ ನೋಡದೆ ಅವನೆದುರಿನ ಉಪ್ಪಿನ ಬಟ್ಟಲು ಎತ್ತಿಕೊಂಡು ಆ ಕಡೆ ಇಟ್ಟ. ಅಷ್ಟೇ. "ನಿಜ ಅದು, ನಿಜ, ಅವರ ಕೈ ನಡುಗ್ತಿತ್ತು" ಎಂದ ಲಿಬೋರಿಯೊ. ಇನ್ನೂ ಏನೇನೋ ಅಂದ. ಅನ್ನುತ್ತ ಹೋದಷ್ಟೂ ನಗು ಹೆಚ್ಚಿತು. ಕೊನೆಗೆ ನಿಂಬೆಯ ಹೋಳನ್ನು ತಟ್ಟೆಗೆ ಹಿಂಡಿ, ತಣ್ಣಗಾದ ಕುಸ್ಕುಸ್ಸನ್ನು ಪೂರ್ತಿ ತಿಂದ.

"ಅಪ್ಪ ನಿನ್ನ ಎತ್ತಿ ಹಿಡಿಯೋಕೆ ಅಂತ ಕರ್ಕೊಂಡ್ಹೋಗಿದ್ರು ಕಣೋ" ಎಂದಳು ನುನ್ಸಿಯಾ ಸಂಜೆ, ಒಗೆದ ಬಟ್ಟೆ ಮಡಚುತ್ತ. ಸಿಟ್ಟೂ ಇರಲಿಲ್ಲ ದನಿಯಲ್ಲಿ. "ನಾನೂ ನಿನ್ ಪರವಾಗೇ ಮಾತಾಡಿದ್ದೆ."

"ಅವರಂದಿದ್ದು ನಿಜ ಕಣೆ. ಸುಳ್ಳಲ್ಲ."

"ನಿಜಾನೇ ಇರ್ಲಿ. ನೀನು ಯಾಕೆ ಹೇಳ್ದೆ?"

ಅವನ ಅಂಗಿ ಮಡಚಿ ಅವನ ತೊಡೆಯ ಮೇಲಿಟ್ಟು ಹೋದಳು. ಹಾಗಾದರೆ ಅವಳಿಗೂ ಗೊತ್ತು, ನಿಜ ಎಂದು ಗೊತ್ತು, ಎಂದುಕೊಂಡ ಲಿಬೋರಿಯೊ. ಗೊತ್ತಿದ್ದೂ ಅವಳು ನಗುವವರ ಜೊತೆಗೆ ಸೇರಿದಳು. ನಿಜವನ್ನು ಬಾಯಲ್ಲಿಟ್ಟುಕೊಂಡು ಅವನು ಇಡೀ ಮನೆಗೆ ಒಬ್ಬನೇ ಆಗಿ ಕೂತ.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಒಂದು ಡಚ್ ಜೋಡಿಯಿತ್ತು. ಹೊಸದಾಗಿ ಮದುವೆಯಾದವರು, ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ಹಚ್ಚುತ್ತ ಪಿಸುಗುಟ್ಟುತ್ತಿದ್ದರು. ಚುಕ್ಕಾಣಿ ನಿರೀಯನ ಕೈಯಲ್ಲಿ. ಲಿಬೋರಿಯೊ ದೋಣಿ ಕಾಯುವವನು. ಅವನು ಎಲ್ಲರ ಸಿಲಿಂಡರ್ ತೆರೆದು ಗಾಳಿ ನೋಡಿದ, ಪಟ್ಟಿ ಬಿಗಿದ, ಮಾವನ ಬೆನ್ನಿನ ಜಿಪ್ಪು ಎಳೆದ. ಮುದುಕ ಥ್ಯಾಂಕ್ಸ್ ಎಂದ, ಅಪರಿಚಿತನಿಗೆ ಹೇಳುವ ಹಾಗೆ. ಬೆಳಗಿನಿಂದ ಅವನದು ಎಂದೂ ಇಲ್ಲದ ಸಡಗರ. ಹುಡುಗಿಗೆ ಕೈ ಸನ್ನೆ ಕಲಿಸಿದ, ಹುಡುಗನನ್ನು ಛೇಡಿಸಿದ. ಪಕ್ಕದಲ್ಲೇ ಲಂಗರು ಬಿಟ್ಟಿದ್ದ ಮೀನುದೋಣಿಯವರು ಕೇಳಿಸಿಕೊಳ್ಳಲಿ ಎಂದು ಕೂಗಿ ಹೇಳಿದ:

"ಒಳಗೆ ಹೋಗ್ವಾಗ್ಲೂ ನಾನೇ ಮುಂದೆ, ಹೊರಗೆ ಬರ್ವಾಗ್ಲೂ ನಾನೇ ಮುಂದೆ. ತಿಳೀತಾ? ನಾನು ಹೋದ ಕಡೆ ಬರ್ಬೇಕು ನೀವು."

ಮೀನುದೋಣಿಯಿಂದ ನಗು ಬಂತು. ಅಂಚಿನಲ್ಲಿ ಕೂತು ಮಾಸ್ಕು ಏರಿಸಿಕೊಳ್ಳುವ ಮುಂಚೆ ಮುದುಕ ಲಿಬೋರಿಯೊನ ಕಡೆ ಒಮ್ಮೆ ನೋಡಿದ. ಆ ನೋಟ ಬೈಯುತ್ತಿರಲಿಲ್ಲ. ನಿನ್ನೆ ಗೂಡಿನಲ್ಲಿ ಕಣ್ಣು ಒರೆಸಿಕೊಂಡಾಗ ಇದ್ದ ನೋಟವೇ. ಬೇಡ ಮಾವ ಎನ್ನಬಹುದಿತ್ತು. ನಾನೂ ಬರುತ್ತೇನೆ, ಹಿಂದಿರುತ್ತೇನೆ ಎನ್ನಬಹುದಿತ್ತು. ಮೂವರೂ ಬೆನ್ನು ಮುಂದಾಗಿ ಉರುಳಿದರು. ಹಲಗೆಯ ಮೇಲೆ ಹುಡುಗಿಯ ನೀಲಿ ಚಪ್ಪಲಿಗಳು ಜೋಡಿಯಾಗಿ ಉಳಿದವು.

ಗುಳ್ಳೆಗಳು ಮೂರು ಸಾಲಾಗಿ ಬಂಡೆಯ ಕಡೆಗೆ ನಡೆದವು. ಕಮಾನಿನ ಬಳಿ ಸ್ವಲ್ಪ ತಡೆದವು. ಆಮೇಲೆ ನಿಂತುಹೋದವು. ಗೂಡಿನೊಳಗೆ ಹೋದವರ ಗುಳ್ಳೆ ಮೇಲೆ ಬರುವುದಿಲ್ಲ, ಸೂರಿನಲ್ಲೇ ಸೇರಿಕೊಳ್ಳುತ್ತದೆ. ನೀರು ಮೇಲೆ ಬೋಳಾಗಿ ಮಲಗಿತು. ನಿರೀಯ ಸೀನಿದ, ಮೂಗು ಒರೆಸಿಕೊಂಡ, ಬ್ರೆಡ್ಡು ಬಿಚ್ಚಿ ತಿಂದ. ಲಿಬೋರಿಯೊ ನೋಡುತ್ತಿದ್ದ. ಈಗ ತಲೆ ಎತ್ತಿರುತ್ತಾರೆ. ಹುಡುಗಿ ನಗುತ್ತಿರುತ್ತಾಳೆ, ಅಲ್ಲಿ ಎಲ್ಲರೂ ಮೊದಲು ನಗುತ್ತಾರೆ. ಈಗ ಮುಳುಗಿರುತ್ತಾರೆ. ಈಗ ಮುದುಕ ಬೆಳಕಿನ ಕಡೆ ತಿರುಗಿರುತ್ತಾನೆ.

"ಭಾವಾ, ಗುಳ್ಳೆ ಕಾಣ್ತಿಲ್ವಲ್ಲ?" ಎಂದ ನಿರೀಯ.

"ಒಳಗಿದಾರೆ."

"ತುಂಬ ಹೊತ್ತಾಯ್ತು."

"ಮಾತಾಡ್ತಿರ್ಬೇಕು. ನಿಮ್ ದೊಡ್ಡಪ್ಪ ಗಾಳ ಹಾಕ್ತಿರ್ಬೇಕು."

ನಿರೀಯ ನಗಲಿಲ್ಲ. ಲಿಬೋರಿಯೊ ನಿಧಾನವಾಗಿ ರಬ್ಬರ್ ಅಂಗಿಗೆ ತೋಳು ತೂರಿಸಿದ. ಒಳಗೆ ಗಾಳಿಯಿದೆ, ಯಾರೂ ಒಮ್ಮೆಗೇ ಸಾಯುವುದಿಲ್ಲ. ಮುದುಕ ಬಿರುಕಿಗೆ ಒಂದು ಸಲ ತಲೆ ಹೊಡೆದುಕೊಳ್ಳಲಿ, ಹೂಳೆಬ್ಬಿಸಲಿ, ಹೊರಗಿನವರ ಕಣ್ಣೆದುರಿಗೇ ದಾರಿ ತಪ್ಪಲಿ. ಆಗ ತಾನು ಕತ್ತಲ ಕಡೆಯಿಂದ ಬಂದು ಬೆನ್ನು ಕೊಡುತ್ತೇನೆ. ಮುದುಕ ಪಟ್ಟಿ ಹಿಡಿಯುತ್ತಾನೆ. ಈ ಹುಡುಗಿ ಮೇಲೆ ಬಂದು ಅಳುತ್ತ ಮೀನುದೋಣಿಯವರಿಗೂ ಹೋಟೆಲಿನವರಿಗೂ ನುನ್ಸಿಯಾಳಿಗೂ ಹೇಳುತ್ತಾಳೆ: ಅವರಿಗೆ ದಾರಿ ಗೊತ್ತಿರಲಿಲ್ಲ. ಅಷ್ಟು ಸಾಕು, ಅವಳ ಬಾಯಿಂದ ಆ ಒಂದು ಮಾತು ಬಂದರೆ ಸಾಕು. ಇನ್ನೊಂದು ಸ್ವಲ್ಪ ನೋಡೋಣ.

"ಭಾವಾ!" ನಿರೀಯ ಎದ್ದು ನಿಂತಿದ್ದ. "ನಂಗೆ ಕಿವಿ ಕಟ್ಟಿದೆ, ಇಳಿಯಕ್ಕಾಗಲ್ಲ, ಇಳಿದ್ರೆ ಕಿವಿ ತಮಟೆನೇ ಒಡೆಯತ್ತೆ. ನೀನು ಹೋಗೋ! ಬೇಗ ಹೋಗೋ!"

"ಹೋಗ್ತಿದೀನಲ್ಲ." ಸಿಲಿಂಡರ್ ಬೆನ್ನಿಗೇರಿಸಿದ. ಕಾಲಿಗೆ ರೆಕ್ಕೆ ತೊಟ್ಟ. ಅಂಚಿನ ಮೇಲೆ ಕೂತ. ಸಿಲಿಂಡರಿನ ತಣ್ಣಗಿನ ಕತ್ತು ಕಿವಿಯ ಹಿಂದೆ ತಾಗಿತು. ಸಾಕು, ಇಷ್ಟು ಸಾಕು, ಈಗ ಹೋಗು ಎಂದುಕೊಂಡ. ಮೈ ಏಳಲಿಲ್ಲ. ಕೆಳಗೆ ತಿಳಿನೀರಿನಲ್ಲಿ ಬಂಡೆಯ ನೆತ್ತಿ ಕಾಣುತ್ತಿತ್ತು, ಎಷ್ಟು ಹತ್ತಿರ, ಕೈ ಚಾಚಿದರೆ ಸಿಗುವಷ್ಟು. ಹೋಗು ಎಂದ ತನಗೆ, ಎರಡು ಸಲ. ಕೈಗಳು ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದವು. ಆಗ ಅವನಿಗೆ ತಿಳಿಯಿತು. ಬಹಳ ಹೊತ್ತಿನಿಂದ ತಾನು ಮುದುಕ ದಾರಿ ತಪ್ಪಲೆಂದು ಕಾಯುತ್ತಿರಲಿಲ್ಲ. ನಿರೀಯ ಎದ್ದು ನಿಲ್ಲುವ ಮುಂಚೆಯೇ, ರಬ್ಬರ್ ಅಂಗಿ ತೊಡುವ ಮುಂಚೆಯೇ, ಕಾಯುವುದು ಮುಗಿದಿತ್ತು. ದೇವರೇ, ಎಂದ ಮನಸ್ಸಿನಲ್ಲಿ, ಇದು ದ್ವೇಷವೇ ಆಗಿರಲಿ. ನಾನು ಕೆಟ್ಟವನು, ಕೊಲೆಗಡುಕ, ಬೇಕೆಂದೇ ಕೂತಿದ್ದೇನೆ. ಇದು ದ್ವೇಷವೇ ಆಗಿರಲಿ, ಭಯ ಮಾತ್ರ ಆಗದಿರಲಿ.

ನಿರೀಯ ಅವನ ಹೆಗಲು ಹಿಡಿದು ಅಲುಗಿಸುತ್ತ ಏನೋ ಕಿರುಚುತ್ತಿದ್ದ. ಮೀನುದೋಣಿಯವರು ಎದ್ದು ನಿಂತು ಇತ್ತ ನೋಡುತ್ತಿದ್ದರು.

"ಒಂದ್ನಿಮಿಷ, ಮಾಸ್ಕು ಮಸುಕಾಗತ್ತೆ" ಎಂದು ಲಿಬೋರಿಯೊ ಅದನ್ನು ಬಾಯಿಯ ಹತ್ತಿರ ತಂದು ಉಗುಳಿದ. ಏನೂ ಬರಲಿಲ್ಲ. ಒಣಗಿದ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿ, ಮತ್ತೆ ಉಗುಳಲು ನೋಡಿದ.